ವೃಷಭರಕ್ಷಣ ಮೀಮಾಂಸೆ

ಯಾವ ಶಾಸ್ತ್ರವೇ ಆಗಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ನಿರೂಪಿಸದೆ ಮುಂದಡಿಯಿಡತಕ್ಕದ್ದಲ್ಲವೆಂದು ಪ್ರಾಚೀನರು ವಿಧಿಸಿರುವುದರಿಂದ, ಪ್ರಕೃತ ಪ್ರಬಂಧವೂ ಆ ಮರ್ಯಾದೆಯನ್ನು ಮೀರಲಾರದು. ವಿಷಯವೆಂದರೆ, ಪ್ರೊ ಕಬಡ್ಡಿ ಲೀಗಿನ 2024ರ ಹನ್ನೊಂದನೆಯ ಆವೃತ್ತಿಯಲ್ಲಿ 22 ಪಂದ್ಯಗಳನ್ನಾಡಿ ಎರಡನ್ನು ಮಾತ್ರ ಗೆದ್ದು, 12 ತಂಡಗಳ ಪಟ್ಟಿಯ ತಳದಲ್ಲಿ ನಿಂತು ಮೇಲಿನವರೆಲ್ಲರ ಭಾರವನ್ನು ನಿರ್ವಿಕಾರವಾಗಿ ಹೊತ್ತ ಬೆಂಗಳೂರು ಬುಲ್ಸ್ ತಂಡದ ರಕ್ಷಣಪಂಕ್ತಿ. ಪ್ರಯೋಜನವು ಆ ಪಂಕ್ತಿಯನ್ನು ಹರಾಜಿನ ಮೂಲಕ ಮರಳಿ ಎತ್ತಿ ನಿಲ್ಲಿಸುವುದು. ಸಂಬಂಧವು ಮಾಲೀಕನ ಹಣದ ಚೀಲಕ್ಕೂ ಎದುರಾಳಿಯ ಕಣಕಾಲಿಗೂ ಇರತಕ್ಕದ್ದು. ಇನ್ನು ಅಧಿಕಾರಿಯ ಮಾತು: ಮ್ಯಾಟಿನ ಮೇಲೆ ಎಂದೂ ಕಾಲಿಡದವನೇ ಈ ಶಾಸ್ತ್ರಕ್ಕೆ ಮುಖ್ಯಾಧಿಕಾರಿ, ಕಾಲಿಟ್ಟವನಿಗೆ ಮೊಣಕಾಲಿನ ಚಿಂತೆಯೇ ಸಾಕಷ್ಟಿರುವುದರಿಂದ ಶಾಸ್ತ್ರಚಿಂತನೆಗೆ ಅವಕಾಶವಿರದು. ಬಳ್ಳಾರಿಯ ತೆಂಕಣ ಹಲಕುಂದಿಯಲ್ಲಿ ಸಂಜೆಯ ಹೊತ್ತು ಕಟ್ಟೆಯ ಮೇಲೆ ಇಂಥ ಅಧಿಕಾರಿಗಳು ಹೇರಳವಾಗಿ ಲಭ್ಯರು. ಅವರಲ್ಲಿ ಹಿರಿಯರೊಬ್ಬರನ್ನು ಈ ಗ್ರಂಥದಲ್ಲಿ ಪೂರ್ವಪಕ್ಷಿಯೆಂದು ಕರೆದಿದೆ. ಲೇಖಕನು ಏನನ್ನು ಹೇಳಿದರೂ ‘ಅದು ಹಂಗಲ್ಲಪ್ಪ’ ಎಂಬುದೇ ಅವರ ಪ್ರಥಮ ವಾಕ್ಯ.

ವೃಷಭವಾಗಲಿ ವೃಷಭರಕ್ಷಣೆಯಾಗಲಿ ಈ ಸೀಮೆಗೆ ಹೊಸದಲ್ಲ. ಸಂಗನಕಲ್ಲು–ಕುಪ್ಪಗಲ್ಲು ಗುಡ್ಡದ ಕರಿಬಂಡೆಗಳ ಮೇಲಿನ ಪ್ರಾಗೈತಿಹಾಸಿಕ ಕೆತ್ತನೆಗಳಲ್ಲಿ ಎತ್ತುಗಳದೇ ಮೆರವಣಿಗೆ. ಕುಡುತಿನಿಯ ಬೂದಿದಿಬ್ಬವನ್ನು ರಾಕ್ಷಸನ ಚಿತಾಭಸ್ಮವೆಂದು ಜನರು ನಂಬಿದ್ದರೂ, ನವಶಿಲಾಯುಗದವರು ದನಗಳನ್ನು ಕೂಡಿಹಾಕುತ್ತಿದ್ದ ದೊಡ್ಡಿಯ ಸಗಣಿ ರಾಶಿಬಿದ್ದು ಬೆಂದು ಉಳಿದುದೇ ಅದೆಂದು ಪುರಾತತ್ತ್ವಜ್ಞರು ಅಭಿಪ್ರಾಯಪಟ್ಟಿರುವರು. ಅಂದಮೇಲೆ ಎತ್ತುಗಳಿಗೆ ಬೇಲಿ ಹಾಕುವ ವಿದ್ಯೆ ನಮ್ಮಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಳೆಯದು. ಎತ್ತುಗಳೇ ಬೇಲಿಯಾಗಬೇಕೆಂಬ ವಿಪರೀತ ಬೇಡಿಕೆ ಮಾತ್ರ ಅರ್ವಾಚೀನ. ಕುರುಗೋಡಿನ ದೊಡ್ಡಬಸವಣ್ಣನು ಶತಮಾನಗಳಿಂದ ಕುಳಿತ ಸ್ಥಳವನ್ನು ಒಂದಂಗುಲವೂ ಬಿಟ್ಟುಕೊಟ್ಟಿಲ್ಲವಾದುದರಿಂದ ಅವನಿಗಿಂತ ಯೋಗ್ಯನಾದ, ಮೂಲೆ ಕಾಯುವ ಕಾರ್ನರ್ ಆಟಗಾರನು ದೊರೆಯಲಾರನೆಂದು ಪೂರ್ವಪಕ್ಷಿ ಸೂಚಿಸಿದರು. ತೂಕದ ಮಿತಿಯ ಕಾರಣದಿಂದ ಆ ಸೂಚನೆಯನ್ನು ವಿನಯಪೂರ್ವಕವಾಗಿ ಕೈಬಿಡಬೇಕಾಯಿತು.

ರೋಗನಿದಾನವಾಗದೆ ಔಷಧವನ್ನು ಹೇಳುವುದು ಅಳಲೆಕಾಯಿ ಪಂಡಿತರ ಪದ್ಧತಿ. ಬುಲ್ಸಿನ ರೋಗಕ್ಕೆ ದಾಳಿವ್ಯಾಮೋಹವೆಂದು ಹೆಸರಿಡಬಹುದು. 2019ರ ಜನವರಿ 5ರಂದು ಮುಂಬಯಿಯಲ್ಲಿ ಗುಜರಾತನ್ನು 38–33ರಿಂದ ಮಣಿಸಿ ಆರನೆಯ ಆವೃತ್ತಿಯ ಕಿರೀಟವನ್ನು ಧರಿಸಿದಾಗ ಪವನ್ ಸೆಹ್ರಾವತ್ ಒಬ್ಬನೇ ದಾಳಿಯಿಂದ 22 ಅಂಕಗಳನ್ನು ತಂದನು. ಅದೇ ವರ್ಷದ ಅಕ್ಟೋಬರಿನಲ್ಲಿ ಹರಿಯಾಣ ಸ್ಟೀಲರ್ಸ್ ಮೇಲೆ ಒಂದೇ ಪಂದ್ಯದಲ್ಲಿ 39 ತಂದನು. ಇಷ್ಟು ತರುವವನೊಬ್ಬನು ತಂಡದಲ್ಲಿರುವಾಗ ಇನ್ನೊಂದು ಕಡೆಯಿಂದ ಎಷ್ಟು ಹೋಗುತ್ತಿದೆಯೆಂದು ಲೆಕ್ಕವಿಡುವ ಗೊಡವೆ ಯಾರಿಗೆ ಬೇಕು! 2022ರ ಹರಾಜಿನಲ್ಲಿ ಆ ಪವನನು 2.265 ಕೋಟಿಗೆ ತಮಿಳ್ ತಲೈವಾಸ್ ಪಾಲಾದ ಮೇಲೆ ಬುಲ್ಸ್ 1.70 ಕೋಟಿ ಕೊಟ್ಟು ಕೊಂಡದ್ದು ವಿಕಾಸ್ ಕಂಡೋಲಾ ಎಂಬ ದಾಳಿಗಾರನನ್ನು. 2024ರ ಆಗಸ್ಟಿನಲ್ಲಿ 1.107 ಕೋಟಿಗೆ ಅಜಿಂಕ್ಯ ಪವಾರ್, 70 ಲಕ್ಷಕ್ಕೆ ಪರ್ದೀಪ್ ನರ್ವಾಲ್, ಇವರೂ ದಾಳಿಗಾರರೇ. ಹೊಗೆಯಿರುವಲ್ಲಿ ಬೆಂಕಿಯುಂಟೆಂದು ನೈಯಾಯಿಕರು ಊಹಿಸುವಂತೆ, ದುಬಾರಿ ದಾಳಿಗಾರನಿರುವಲ್ಲಿ ಅಗ್ಗದ ಕಾರ್ನರುಂಟೆಂದು ಊಹಿಸಲು ಅಡ್ಡಿಯಿಲ್ಲ.

ಇಲ್ಲಿ ಪೂರ್ವಪಕ್ಷಿ ವಿದೇಶದ ದೃಷ್ಟಾಂತವೊಂದನ್ನು ಮುಂದಿಟ್ಟರು. ಅಮೆರಿಕದವರ ಫುಟ್‌ಬಾಲಿನಲ್ಲಿ ಕಡೆಯ ಸ್ಥಾನದ ತಂಡಕ್ಕೇ ಹೊಸ ಆಟಗಾರರ ಆಯ್ಕೆಯಲ್ಲಿ ಮೊದಲ ಸರದಿ. ಅದನ್ನು ಡ್ರಾಫ್ಟ್ ಎನ್ನುವರು. ಸೋತವನಿಗೆ ಮೊದಲ ಎಡೆ ಹಾಕುವ ಈ ಧರ್ಮವನ್ನು ಸೂಚಿಸಿದವನು ಫಿಲಡೆಲ್ಫಿಯಾ ಈಗಲ್ಸ್‌ನ ಒಡೆಯ ಬರ್ಟ್ ಬೆಲ್. 1936ರಲ್ಲಿ ಅದು ಮೊದಲ ಬಾರಿಗೆ ನಡೆದಾಗ ಆ ಪ್ರಥಮ ಸರದಿ ಅವನದೇ ತಂಡಕ್ಕೆ ಸಂದಿತೆಂಬುದರಲ್ಲಿ ಆಶ್ಚರ್ಯವೇನೂ ಇಲ್ಲ. ತಂಡ ಹಿಂದಿನ ವರ್ಷ ಕಡೆಯದಾಗಿತ್ತು. ಆದರೆ ಅವರು ಆರಿಸಿದ ಜೇ ಬರ್ವಾಂಗರ್ ಚೆಂಡು ಹಿಡಿದು ಓಡುವುದರಲ್ಲಿ ಹೆಸರಾದವನು, ಅಲ್ಲಿಯೂ ದಾಳಿವ್ಯಾಮೋಹವೇ! ಅದೂ ಹೋಗಲೆಂದರೆ, ಸಂಬಳದ ಮಾತು ಕೂಡದೆ ಆತನು ವೃತ್ತಿಪರ ಆಟವನ್ನು ಒಂದು ದಿನವೂ ಆಡಲಿಲ್ಲ. ನಮ್ಮ ದೇಶದ ಫುಟ್‌ಬಾಲಿನಲ್ಲಿ 2017ರ ಜುಲೈಯಲ್ಲಿ ಮುಂಬಯಿಯಲ್ಲಿ ನಡೆದ ಡ್ರಾಫ್ಟಿನಲ್ಲಿ ಜಮ್‌ಶೆಡ್‌ಪುರವು ಎಲ್ಲರಿಗಿಂತ ಮೊದಲು ಕೇರಳದ ರಕ್ಷಣಾ ಆಟಗಾರ ಅನಸ್ ಎಡತೋಡಿಕನನ್ನು ಕರೆದದ್ದು ಶಾಸ್ತ್ರಸಮ್ಮತವಾದ ನಡೆ. ಕಬಡ್ಡಿಯಲ್ಲಾದರೋ ಇಂಥ ಅನುಕಂಪಕ್ಕೆ ಎಡೆಯಿಲ್ಲ. 2025ರ ಹರಾಜಿನಲ್ಲಿಯೂ ಚಾಂಪಿಯನ್ನನಿಗೂ ಕಡೆಯವನಿಗೂ ಖರ್ಚಿನ ಮಿತಿ ಅದೇ 5 ಕೋಟಿಯಾಗಿತ್ತು. ಸೋತವನೆಂದು ಸುತ್ತಿಗೆ ಮೆಲ್ಲಗೆ ಬೀಳುವುದಿಲ್ಲ.

‘ದುಡ್ಡು ಬಿಡಪ್ಪ, ಕಬ್ಬಿಣ ಎಲ್ಲಿಗೆ ಹೋತು ಅದನ್ನ ನೋಡು’ ಎಂಬುದು ಪೂರ್ವಪಕ್ಷಿಯ ಎರಡನೆಯ ಆಕ್ಷೇಪ, ಮತ್ತು ಇದು ಲಘುವಾದುದಲ್ಲ. 2024ರ ಡಿಸೆಂಬರ್ 29ರಂದು ಪುಣೆಯಲ್ಲಿ ಪಟ್ನಾ ಪೈರೇಟ್ಸನ್ನು 23 ಅಂಕಗಳಿಗೆ ಕಟ್ಟಿಹಾಕಿ, ತಾನು 32 ಗಳಿಸಿ ಪ್ರಶಸ್ತಿಯನ್ನೊಯ್ದದ್ದು ಹರಿಯಾಣ ಸ್ಟೀಲರ್ಸ್. ಆ ತಂಡ ಎಡಮೂಲೆಯ ಕಾವಲಿಗೆ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಯನ್ನು 2.07 ಕೋಟಿಗೆ ತಂದಿತ್ತು. ಅದರ ಒಡೆತನ ಜೆಎಸ್‌ಡಬ್ಲ್ಯುದು. ಜೆಎಸ್‌ಡಬ್ಲ್ಯುವಿನ ಮಹಾಸ್ಥಾವರ ಇರುವುದು ತೋರಣಗಲ್ಲಿನಲ್ಲಿ. ಅದಿರು ಸಂಡೂರಿನ ಬೆಟ್ಟಗಳದು. ಧೂಳು ಸಮಸ್ತ ಬಳ್ಳಾರಿಯದು. ಹೀಗೆ, ಕರ್ನಾಟಕದ ತಂಡ ತಳದಲ್ಲಿದ್ದ ವರ್ಷವೇ ನಮ್ಮ ಜಿಲ್ಲೆಯ ಉಕ್ಕು ಹರಿಯಾಣದ ಹೆಸರಿನಲ್ಲಿ ಚಾಂಪಿಯನ್ ಆಯಿತೆಂದು ಪೂರ್ವಪಕ್ಷಿ ಸಾಧಿಸುವರು. ತರ್ಕದಲ್ಲಿ ದೋಷವಿದೆ, ಆದರೆ ಧೂಳು ಕುಡಿದವರ ಎದುರು ಅದನ್ನು ಎತ್ತಿ ತೋರಿಸುವ ಧೈರ್ಯ ಈ ಲೇಖಕನಿಗಿಲ್ಲ.

ದುಬಾರಿ ಬೇಲಿಯೊಂದೇ ಸಾಕೆನ್ನುವವರಿಗೆ ಬಳ್ಳಾರಿಯ ಕೋಟೆಯನ್ನು ತೋರಿಸತಕ್ಕದ್ದು. ಹೈದರಾಲಿಯು ಫ್ರೆಂಚ್ ಎಂಜಿನಿಯರನೊಬ್ಬನಿಂದ ಕೋಟೆಯನ್ನು ಬಲಪಡಿಸಿ, ಕೆಳಕೋಟೆಯನ್ನೂ ಕಟ್ಟಿಸಿದನು. ಕೆಲಸವೆಲ್ಲ ಮುಗಿದ ಬಳಿಕ, ಎದುರಿನ ಕುಂಬಾರಗುಡ್ಡವು ಕೋಟೆಗಿಂತ ಎತ್ತರವಾಗಿದ್ದು ಅಲ್ಲಿಂದ ಒಳಗನ್ನೆಲ್ಲ ಗುರಿಯಿಡಬಹುದೆಂಬುದು ಕಣ್ಣಿಗೆ ಬಿದ್ದುದರಿಂದ, ಕುಪಿತನಾದ ನವಾಬನು ಎಂಜಿನಿಯರನನ್ನು ಗಲ್ಲಿಗೇರಿಸಿದನೆಂದು ಐತಿಹ್ಯ. ರಕ್ಷಣಾ ತರಬೇತುದಾರರ ಸೇವೆಯನ್ನು ಆವೃತ್ತಿಯ ಕೊನೆಯಲ್ಲಿ ಮುಕ್ತಾಯಗೊಳಿಸುವ ಸಂಪ್ರದಾಯಕ್ಕೆ ಇದಕ್ಕಿಂತ ಹಳೆಯ ಪ್ರಮಾಣ ಈ ಜಿಲ್ಲೆಯಲ್ಲಿ ಸಿಕ್ಕಿಲ್ಲ. ಒಂದೊಂದು ಬುರುಜೂ ಬಿಡಿಬಿಡಿಯಾಗಿ ನಿರ್ದುಷ್ಟವಾಗಿತ್ತೆಂಬುದನ್ನು ಮಾತ್ರ ಗಮನಿಸಬೇಕು.

ಇನ್ನು ಸಿದ್ಧಾಂತ. ಕಬಡ್ಡಿಯ ಹಿಡಿತದಲ್ಲಿ ಒಂದು ಕ್ರೂರವಾದ ಗಣಿತವಿದೆ. ದಾಳಿಗೆ ಬಂದವನ ಕಣಕಾಲನ್ನು ಮೂಲೆಯವನು ಹಿಡಿದೊಡನೆ ಪಕ್ಕದ ಕವರ್ ಆಟಗಾರನು ಸೊಂಟಕ್ಕೋ ತೊಡೆಗೋ ಬಂದು ಬಿದ್ದರೆ ಒಂದು ಅಂಕ ನಮ್ಮದು. ಅರೆಚಣ ತಡೆದು ಬಿದ್ದರೆ, ದಾಳಿಗಾರನು ಇಬ್ಬರನ್ನೂ ಎಳೆದುಕೊಂಡು ನಡುಗೆರೆಯನ್ನು ಬೆರಳ ತುದಿಯಿಂದ ಮುಟ್ಟಿ ಎರಡು ಅಂಕ ಒಯ್ಯುವನು. ಅಂದರೆ ಸಹಾಯಕ್ಕೆ ಬಾರದವನು ಕಳೆಯುವುದು ಒಂದನ್ನು, ತಡವಾಗಿ ಬಂದವನು ಕಳೆಯುವುದು ಎರಡನ್ನು. ನೆರೆಹೊರೆಯವರ ಪರೋಪಕಾರವನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ದಂಡಿಸುವ ಆಟ ಮತ್ತೊಂದಿರಲಾರದು. ಆ ಅರೆಚಣವು ಯಾವ ಆಟಗಾರನ ಸ್ವಂತ ಗುಣವೂ ಅಲ್ಲ. ಅದು ಇಬ್ಬರ ನಡುವೆ ಇರತಕ್ಕದ್ದು. ಬಹುಕಾಲ ಒಬ್ಬರ ಕೈಯನ್ನೊಬ್ಬರು ಹಿಡಿದು ಸರಪಳಿ ಕಟ್ಟಿದವರಲ್ಲಿ ಮಾತ್ರ ಹುಟ್ಟತಕ್ಕದ್ದು. ಹರಾಜು ಮಾತ್ರ ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಮಾರುತ್ತದೆ. ನಮ್ಮ ಸೀಮೆಯ ರೈತನು ಸಂತೆಗೆ ಹೋದರೆ ಎತ್ತನ್ನು ಜೋಡಿಯಾಗಿ ನೋಡುವನು, ಜೋಡಿಗೆ ಬೆಲೆ ಕಟ್ಟುವನು. ಒಂದನ್ನೇ ಕೊಳ್ಳಬೇಕಾಗಿ ಬಂದರೆ ಮನೆಯಲ್ಲಿರುವುದರ ಎತ್ತರ, ನಡಿಗೆ, ಎಡಗೋಲೋ ಬಲಗೋಲೋ ಎಂಬುದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡೇ ಟವೆಲಿನ ಕೆಳಗೆ ದಲ್ಲಾಳಿಯ ಬೆರಳನ್ನು ಮುಟ್ಟುವನು. ಎತ್ತನ್ನೇ ಲಾಂಛನವಾಗಿಟ್ಟುಕೊಂಡ ತಂಡವು ಈ ಒಂದು ವಿಷಯವನ್ನು ಎತ್ತು ಕೊಳ್ಳುವವನಿಂದ ಕಲಿಯದೆ ಹೋದುದು ಶೋಚನೀಯ.

‘ಅದು ಹಂಗಲ್ಲಪ್ಪ’ ಎಂದು ಪೂರ್ವಪಕ್ಷಿ ಇಲ್ಲಿ ಪ್ರಬಲವಾಗಿಯೇ ತಡೆದರು. ಅವರ ವಾದದ ಸಾರವಿದು: 2025ರ ಹರಾಜಿನಲ್ಲಿ ಬುಲ್ಸ್ ತನ್ನ ಅತಿ ದೊಡ್ಡ ಮೊತ್ತವನ್ನು, ಅಂದರೆ 1.125 ಕೋಟಿಯನ್ನು, ಯೋಗೇಶ್ ದಹಿಯಾ ಎಂಬ ರಕ್ಷಣಾ ಆಟಗಾರನ ಮೇಲೆ ಸುರಿಯಿತು, ಅವನನ್ನು ದಿಲ್ಲಿಯಿಂದ ತಂದಿತು, ತನ್ನ ಹಳೆಯ ಮೂಲೆಯಾಳು ಸೌರಭ್ ನಂದಲನನ್ನು ದಿಲ್ಲಿಗೇ ಬಿಟ್ಟುಕೊಟ್ಟಿತು, ಜೋಡಿಯನ್ನೇನೂ ಕೊಳ್ಳಲಿಲ್ಲ, ಆದರೂ ಲೀಗ್ ಪಟ್ಟಿಯ ಹನ್ನೆರಡನೆಯ ಸ್ಥಾನದಿಂದ ಮೂರನೆಯದಕ್ಕೆ ಏರಿತಲ್ಲವೇ? ಏರಿದ್ದು ನಿಜ. ಆದರೆ ಅದೇ ವರ್ಷ ತರಬೇತಿಗೆ ಬಂದವರು ಕನ್ನಡಿಗರಾದ ಬಿ. ಸಿ. ರಮೇಶ್, 2019ರಲ್ಲಿ ಬೆಂಗಾಲವನ್ನೂ ಹತ್ತನೆಯ ಆವೃತ್ತಿಯಲ್ಲಿ ಪುಣೆಯನ್ನೂ ಗೆಲ್ಲಿಸಿದವರು. ಆವೃತ್ತಿಯ ಆರಂಭದಲ್ಲಿ ಸಾಲಾಗಿ ಸೋತ ತಂಡವೇ ದಿನ ಕಳೆದಂತೆ ಗೆಲ್ಲತೊಡಗಿತೆಂಬುದು ಸಿದ್ಧಾಂತಕ್ಕೆ ವಿರೋಧವಲ್ಲ, ಪೋಷಕ. ಬಿಡಿಯಾಗಿ ಬಂದವನ್ನು ನೊಗಕ್ಕೆ ಪಳಗಿಸಿದ್ದು ಸುತ್ತಿಗೆಯ ಕೆಲಸವಲ್ಲ. ಹೋದ ನಂದಲನ ದಿಲ್ಲಿಯೇ ಆ ವರ್ಷ ಪ್ರಶಸ್ತಿ ಗೆದ್ದಿತೆಂಬುದನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆದುದರಿಂದ ಲೀಗಿನ ಆಡಳಿತವರ್ಗದ ಪರಿಶೀಲನೆಗಾಗಿ ಜೋಡಿಹರಾಜು ಎಂಬ ವಿಧಿಯನ್ನು ಇಲ್ಲಿ ಪ್ರಸ್ತಾಪಿಸಿದೆ. ಮೂಲೆಯವನನ್ನೂ ಅವನ ಪಕ್ಕದ ಕವರನ್ನೂ ಒಂದೇ ಬೆಲೆಗೆ ಕೂಗತಕ್ಕದ್ದು. ಒಬ್ಬನು ಸೋನಿಪತದವನೂ ಇನ್ನೊಬ್ಬನು ಇರಾನಿನವನೂ ಆದರೆ, ಆವೃತ್ತಿಗೆ ಮುನ್ನ ಇಬ್ಬರನ್ನೂ ಸಿರುಗುಪ್ಪದಲ್ಲಿ ಒಂದೇ ಮನೆಯಲ್ಲಿರಿಸಿ, ತುಂಗಭದ್ರೆಯ ನೀರಿನಲ್ಲಿ ಬೆಳೆದ ಅಕ್ಕಿಯ ಅನ್ನವನ್ನು ಒಂದೇ ಹೊತ್ತಿಗೆ ಉಣ್ಣಿಸತಕ್ಕದ್ದು. ಗೋಧಿಗೆ ಒಗ್ಗಿದವನು ಆಕ್ಷೇಪಿಸಿದರೆ ವಾರಕ್ಕೊಮ್ಮೆ ರೊಟ್ಟಿ. ಜೋಡಿಯಲ್ಲಿ ಒಬ್ಬನ ಕಾಲು ಉಳುಕಿದರೆ ಇನ್ನೊಬ್ಬನನ್ನು ಬೇರೆಯವನೊಡನೆ ಹೂಡದೆ, ಪೂರ್ಣ ವೇತನ ಕೊಟ್ಟು ಹೊರಗೆ ಬೆಂಚಿನ ಮೇಲೆ ಕೂರಿಸತಕ್ಕದ್ದು. ಈ ಕೊನೆಯ ಹುದ್ದೆಗೆ ವಯೋಮಿತಿ ಎಷ್ಟೆಂದು ಪೂರ್ವಪಕ್ಷಿ ವಿಚಾರಿಸಿದ್ದಾರೆ.