ಕೈಕೆಲಸ ಬೇಕು, ಕೈ ಬೇಡ

ನಮ್ಮ ದಾವಣಗೆರೆಯಲ್ಲಿ ಈಗ ಹೊಸ ಸೀರೆಗೆ ಕತ್ತರಿ ಬೀಳುತ್ತಿದೆ. ಹಳೇ ಸೀರೆಗಳು ಯಾವತ್ತೋ ಸ್ಟೀಲ್ ಡಬರಿಗೆ ಹೋದವು.

ಅರ್ಥವಾಗಲಿಲ್ಲವೇ? ನನಗೂ ಆಗಿರಲಿಲ್ಲ. ಮೊನ್ನೆ ಎಂಸಿಸಿ ‘ಬಿ’ ಬ್ಲಾಕಿನಲ್ಲಿ ಪರಿಚಯದವರೊಬ್ಬರ ಮನೆಗೆ ಹೋಗಿದ್ದೆ. ಸೋಫಾದ ತುಂಬ ದಿಂಬು. ಎಣಿಸಿದೆ, ಏಳು. ಮನುಷ್ಯರಿಗೆ ಜಾಗವಿಲ್ಲ. ಎರಡನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂಸು ಎತ್ತಿಕೊಂಡವನ ಹಾಗೆ ಕೂತೆ. ಗವಸಿನ ಮೇಲೆ ಚೌಕ ಚೌಕ ತುಂಡುಗಳ ಜೋಡಣೆ.

“ಹಳೇ ಸೀರೆ ಲುಕ್ ಸರ್ ಇದು. ನಮ್ಮ ಮನೆಯವರೇ ಮಾಡಿದ್ದು” ಎಂದರು ಯಜಮಾನರು.

ಹಳೇ ಸೀರೆಯ ಲುಕ್ ಬರಲೆಂದು ಮಂಡಿಪೇಟೆಯಿಂದ ನಾಲ್ಕು ಹೊಸ ಸೀರೆ ತಂದಿದ್ದರಂತೆ. ಮನೆಯಲ್ಲಿ ಹಳೆಯವು ಇರಲಿಲ್ಲವೇ ಎಂದೆ. “ಅಯ್ಯೋ, ಅವನ್ನೆಲ್ಲ ಪಾತ್ರೆಯವಳಿಗೆ ಹಾಕಿಬಿಟ್ವಿ” ಎಂದು ಒಳಗಿನಿಂದ ಉತ್ತರ ಬಂತು. ಆರು ಸೀರೆಗೆ ಒಂದು ಡಬರಿ, ಒಂದು ಜಾಲರಿ. ಲಾಭದ ವ್ಯಾಪಾರ.

ಹಳೇ ಬಟ್ಟೆಯಿಂದ ಹೊಸತು ಮಾಡುವುದಕ್ಕೆ ಇಂಗ್ಲಿಷಿನವರು ಅಪ್‌ಸೈಕ್ಲಿಂಗ್ ಎಂದು ಹೆಸರಿಟ್ಟಿದ್ದಾರೆ. ನಮ್ಮವ್ವ ಇದಕ್ಕೆ ಹೆಸರೇ ಇಡದೆ ಸಾಯುವತನಕ ಮಾಡಿದಳು.

ಅದೇ ವಾರ ನಮ್ಮ ಬೀದಿಗೆ ಕೌದಿ ಹೊಲಿಯುವಾಕೆ ಬಂದಳು. ವರ್ಷಕ್ಕೆ ಒಂದೆರಡು ಸಲ ಬರುತ್ತಾಳೆ. ಹೆಗಲಿಗೊಂದು ಗಂಟು, ಗಂಟಿನಲ್ಲಿ ದಬ್ಬಣ, ದಾರದ ಉಂಡೆ. “ಯಕ್ಕಾ, ಹಳೇ ಸೀರಿ ಇದಾವೇನ್ರಿ? ಕೌದಿ ಹೊಲ್ಕೊಡ್ತೀನಿ.” ನಿಂತದ್ದು ಎದುರು ಮನೆಯ ಗೇಟಿನ ಮುಂದೆ. ಗೇಟಿನ ಮೇಲೆ ನಾಯಿ ಇದೆ ಎಂಬ ಬೋರ್ಡು. ಬಾಗಿಲ ಮೇಲೆ ಕನ್ನಡಿ ಕೂರಿಸಿದ ಬಟ್ಟೆಯ ತೋರಣ. ನಾಯಿ ಇಲ್ಲ.

ಸಾವಿರ ಕೇಳಿದಳು. ನಾನೂರು ಎಂದರು ಮನೆಯಾಕೆ. “ಸೀರೆ ನಮ್ದು, ದಾರದ ದುಡ್ಡೂ ನಮ್ದು. ನಿಂದೇನಿದೆ ಅದರಾಗೆ?”

“ಕೈ ನಂದಲ್ರೀ ಯಕ್ಕಾ.”

ಆ ಕೈಗೆ ಕೊನೆಗೆ ಐನೂರೈವತ್ತು ಕುದುರಿತು. ಚಹಾ ಕೊಟ್ಟದ್ದನ್ನು ಲೆಕ್ಕಕ್ಕೆ ಹಿಡಿದೇ. ಇದೇ ಮನೆಗೆ ಹಿಂದಿನ ತಿಂಗಳು ಕೊರಿಯರ್‌ನವನು ಒಂದು ಹೊದಿಕೆ ತಂದುಕೊಟ್ಟಿದ್ದ. ಮೂರು ಸಾವಿರದ ಐನೂರು ಚಿಲ್ಲರೆ. ‘ಹ್ಯಾಂಡ್‌ಮೇಡ್’ ಎಂಬ ಚೀಟಿ. ಅದಕ್ಕೆ ಚೌಕಾಸಿ ಇಲ್ಲ, ಮೊಬೈಲಿನಲ್ಲಿ ಮುಂಗಡವಾಗಿಯೇ ಪಾವತಿ. ಎಲ್ಲೋ ದೂರದಲ್ಲಿರುವ, ಕಣ್ಣಿಗೆ ಕಾಣದ ಕೈಗೆ ನಮ್ಮಲ್ಲಿ ಬಹಳ ಮರ್ಯಾದೆ. ಗೇಟಿನ ಮುಂದೆ ಬಂದು ನಿಂತ ಕೈಯ ಮೇಲೆ ಮಾತ್ರ ಅನುಮಾನ.

ಕೌದಿ ಹೊಲಿಯುವುದನ್ನು ಹತ್ತಿರದಿಂದ ನೋಡಿದ್ದೀರಾ? ಮೊದಲು ಒಂದು ಸೀರೆಯನ್ನು ಎರಡು ಮಡಿಕೆ ಮಾಡಿ ನೆಲಕ್ಕೆ ಹಾಸಬೇಕು. ಗಾಳಿಗೆ ಏಳದಂತೆ ಮೂಲೆಗೆ ಕಲ್ಲು. ಅದರ ಮೇಲೆ ಸವೆದ ಧೋತರ, ಹರಿದ ಲಂಗ, ಚಿಕ್ಕದಾದ ಅಂಗಿ, ಒಂದೊಂದೂ ಸುಕ್ಕಿಲ್ಲದ ಹಾಗೆ. ಆಮೇಲೆ ಮೇಲ್ಮೈಯ ತುಂಡುಗಳು, ಅಂಚು ಒಳಗೆ ಮಡಚಿ. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತು ಸುತ್ತು ಒಳಗೆ ಹೋಗಿ ನಡುವಿನಲ್ಲಿ ಮುಗಿಯುತ್ತದೆ. ಟಾಕು ಜೋಳದ ಕಾಳಿನಷ್ಟು. ಗೆರೆ ಎಳೆದುಕೊಳ್ಳುವುದಿಲ್ಲ, ಅಳತೆಪಟ್ಟಿ ಇಲ್ಲ. ಬಟ್ಟೆಯ ಮೇಲೆಯೇ ಕೂತು, ಮೊಣಕಾಲು ಮಡಚಿ, ಬೆನ್ನು ಬಾಗಿಸಿ ಹತ್ತು ದಿನ. ಹಳೇ ಅರಿವೆಯೇ ಯಾಕೆ ಬೇಕು ಗೊತ್ತೇ? ನೂರು ಸಲ ಒಗೆದ ಹತ್ತಿಗೆ ಬರುವ ಮೆದು ಅಂಗಡಿಯ ಯಾವ ಬಟ್ಟೆಗೂ ಬರುವುದಿಲ್ಲ. ಬಾಣಂತಿಯ ಮಗ್ಗುಲಲ್ಲಿ ಕೂಸನ್ನು ಮಲಗಿಸುತ್ತಿದ್ದದ್ದು ಇದರ ಮೇಲೆ. ‘ಲುಕ್’ ಬೇಕಾಗಿ ಅಲ್ಲ.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ಧಿ ಹೆಂಗಸರೂ ಇಂಥದ್ದೇ ಹೊಲಿಯುತ್ತಾರೆ. ಕವಂದಿ ಎನ್ನುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಪುಟ್ಟ ತುಂಡು ಕೂರಿಸುತ್ತಾರೆ, ಅದು ಫುಲಾ, ಹೂವು. ಅದಿಲ್ಲದಿದ್ದರೆ ಕವಂದಿ ಬೆತ್ತಲೆ ಎಂಬುದು ಅವರ ಲೆಕ್ಕ. ಆ ಕವಂದಿಗಳು ನ್ಯೂಯಾರ್ಕಿನಲ್ಲಿ ಪ್ರದರ್ಶನಕ್ಕೆ ಹೋಗಿಬಂದವು. ಹೋಗಿಬಂದ ಮೇಲೆ ನಮಗೆ ಅದು ಕಲೆ ಎಂದು ಗೊತ್ತಾಯಿತು. ಅಲ್ಲಿಯವರೆಗೆ ಬಡವರ ಹಾಸಿಗೆ.

ಈ ಊರಿಗೆ ಬಟ್ಟೆಯ ಬಗ್ಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡದ್ದು ದಾವಣಗೆರೆ. ಸ್ವಾತಂತ್ರ್ಯಕ್ಕೂ ಮುಂಚೆ ಇಲ್ಲಿ ಕಾಟನ್ ಮಿಲ್ಲು ಎದ್ದಿತ್ತು. ಶಿಫ್ಟಿನ ಸೈರನ್ನಿಗೆ ಊರು ಏಳುತ್ತಿತ್ತು. ಕಾರ್ಮಿಕರ ನಾಯಕ ಪಂಪಾಪತಿ ಕೆಂಬಾವುಟ ಹಿಡಿದು ಮೂರು ಸಲ ಶಾಸಕರಾದರು. ಆಮೇಲೆ ಮಿಲ್ಲುಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದವು. ನೂಲುತ್ತಿದ್ದ ಕೈಗಳು ಮಂಡಕ್ಕಿ ಭಟ್ಟಿಗೆ, ಹಮಾಲಿಗೆ, ಆಟೋ ಹ್ಯಾಂಡಲ್ಲಿಗೆ ಹೋದವು.

ದಾವಣಗೆರೆ ಕಾಟನ್ ಮಿಲ್ಸ್ ಎಲ್ಲಿ ಎಂದು ಈಗ ಯಾರನ್ನಾದರೂ ಕೇಳಿ. ಡಿಸಿಎಂ ಟೌನ್‌ಶಿಪ್ ತೋರಿಸುತ್ತಾರೆ. ಡಿಸಿಎಂ ಎಂದರೆ ಉಪ ಮುಖ್ಯಮಂತ್ರಿ ಎಂದುಕೊಂಡ ಹುಡುಗರೂ ಇದ್ದಾರೆ. ಕೈ ಹೋದರೂ ಹೆಸರು ಉಳಿಸಿಕೊಳ್ಳುವುದರಲ್ಲಿ ನಾವು ನಿಸ್ಸೀಮರು. ಮದುವೆ ಜವಳಿಗೆ ಸುತ್ತಲಿನ ಜಿಲ್ಲೆಗಳು ಇವತ್ತಿಗೂ ಇಲ್ಲಿಗೇ ಬರುತ್ತವೆ. ನಾವು ಮಾರುತ್ತೇವೆ. ನೇಯುವುದು ಬೇರೆಯವರ ಕರ್ಮ.

ಇನ್ನು ಆ ಏಳು ದಿಂಬುಗಳ ವಿಷಯ. ಒಂದರ ಒಳಮೈಯಲ್ಲಿ ಕತ್ತರಿಸಲು ಮರೆತ ಲೇಬಲ್ ಇತ್ತು. “ಪ್ಯೂರ್ ಕಾಟನ್ ಸರ್” ಎಂದು ಅವರು ಹೇಳುತ್ತಿದ್ದಾಗಲೇ ನಾನು ಓದಿದೆ: ವಿಸ್ಕೋಸ್, ಪಾಲಿಯೆಸ್ಟರ್. ಹತ್ತಿಯ ಹೆಸರೇ ಇಲ್ಲ. ವಿಸ್ಕೋಸ್ ಎಂದರೆ ಏನು ಎಂದು ಹರಿಹರದವರನ್ನು ಕೇಳಬೇಕು. ಹೊಳೆ ದಾಟಿದರೆ ಕುಮಾರಪಟ್ಟಣ, ಅಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ. ಜಿಲ್ಲೆ ಹಾವೇರಿ, ತಾಲ್ಲೂಕು ರಾಣೆಬೆನ್ನೂರು, ಹೆಸರು ಮಾತ್ರ ಹರಿಹರ. ನೀಲಗಿರಿಯಂಥ ಮರ ಒಳಗೆ ಹೋಗುತ್ತದೆ, ತಿರುಳಾಗುತ್ತದೆ, ಪಕ್ಕದ ಘಟಕದಲ್ಲಿ ಬಟ್ಟೆಯ ಎಳೆಯಾಗಿ ಹೊರಬರುತ್ತದೆ.

ಆ ನೀಲಗಿರಿಗಾಗಿ ಸರ್ಕಾರ ಎಂಬತ್ತರ ದಶಕದಲ್ಲಿ ಹಳ್ಳಿಗರ ದನ ಮೇಯುವ ಜಾಗವನ್ನು ಆ ಕಂಪನಿಯ ಜೊತೆಗಿನ ಜಂಟಿ ಉದ್ಯಮಕ್ಕೆ ಕೊಟ್ಟಿತ್ತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಎಂದು ಅದಕ್ಕೆ ಹೆಸರು. ತುಂಗಭದ್ರೆಯ ನೀರು ಕೆಟ್ಟದ್ದಕ್ಕೂ, ಮೀನು ಸತ್ತದ್ದಕ್ಕೂ ಆ ಕಾಲದಲ್ಲೇ ಹೋರಾಟ ನಡೆದಿತ್ತು. ಈಗ ಅಂಥದ್ದೇ ಎಳೆಯ ಬಟ್ಟೆಗೆ ಅಂಗಡಿಯಲ್ಲಿ ಎಲೆಯ ಚಿತ್ರವಿರುವ ಹಸಿರು ಚೀಟಿ ನೇತಾಡುತ್ತದೆ. ಪರಿಸರಸ್ನೇಹಿಯಂತೆ.

ದಿಂಬಿನ ಮಾತೇಕೆ, ದೇಶದ ಬಾವುಟಕ್ಕೇ ಪಾಲಿಯೆಸ್ಟರ್ ಬಂತು. ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆಯದೇ ಆಗಬೇಕು ಎಂಬ ನಿಯಮ 2021ರ ಡಿಸೆಂಬರಿನಲ್ಲಿ ಬದಲಾಯಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೆಂಗಸರು ಅಳತೆ ಹಿಡಿದು ಖಾದಿ ಬಾವುಟ ಹೊಲಿಯುತ್ತಿದ್ದರೆ, ಮರುವರ್ಷದ ಆಗಸ್ಟಿನಲ್ಲಿ ನಮ್ಮ ಬೀದಿಯ ಪ್ರತಿ ಮನೆಯ ಮೇಲೂ ಮಿರಿಮಿರಿ ಮಿಂಚಿದ್ದು ಯಂತ್ರದ ಬಾವುಟ. ದೇಶಪ್ರೇಮಕ್ಕೆ ಇಸ್ತ್ರಿ ಬೇಕಾಗಲಿಲ್ಲ.

ಈಗಿನ ಇನ್ನೊಂದು ಖಯಾಲಿ ಕಸ್ಟಮೈಸ್. ದಿಂಬಿನ ಮೇಲೆ ಮಗಳ ಹೆಸರು, ಪರದೆಯ ಮೇಲೆ ಮನೆತನದ ಹೆಸರು. ಗೇಟಿನ ಕಲ್ಲಿನಲ್ಲಿ ಕನ್ನಡದಲ್ಲಿ ‘ಗುರುಕೃಪಾ’. ಒಳಗೆ ಕಾಲಿಟ್ಟರೆ ಎಲ್ಲ ಇಂಗ್ಲಿಷು. ಸೋಫಾದ ಮೇಲೆ ‘ಹೋಮ್’, ಒಲೆಯ ಪಕ್ಕದ ಕೈವಸ್ತ್ರದ ಮೇಲೆ ‘ಕಿಚನ್’. ಬರೆಯದಿದ್ದರೆ ಬಂದವರು ಬಚ್ಚಲು ಎಂದುಕೊಂಡಾರು ಎಂಬ ಭಯವೇನೋ. ಗಂಡಹೆಂಡತಿಯ ಫೋಟೋ ಅಚ್ಚು ಹಾಕಿಸಿದ ದಿಂಬೂ ಇದೆ. ಬಂದವರು ನೋಡದೆ ಅದರ ಮೇಲೆಯೇ ಕೂರುತ್ತಾರೆ. ಮೂವತ್ತು ವರ್ಷದ ದಾಂಪತ್ಯ, ಬೀಗರ ಭಾರ.

ಉಡಿ ತುಂಬುವ ಕುಪ್ಪಸದ ಕಣ ಗೊತ್ತಲ್ಲ. ಯಾರೂ ಹೊಲಿಸುವುದಿಲ್ಲ. ಈ ಮನೆಯಿಂದ ಆ ಮನೆಗೆ, ಅಲ್ಲಿಂದ ಮತ್ತೊಂದು ಸೀಮಂತಕ್ಕೆ, ಮಡಿಕೆ ಬಿಚ್ಚದೆ ಹತ್ತು ವರ್ಷ ತಿರುಗಿ ಕೊಟ್ಟವರಿಗೇ ವಾಪಸ್ಸು ಬರುತ್ತದೆ. ಈಗ ಅದಕ್ಕೂ ಮುಕ್ತಿ. ಗುಳೇದಗುಡ್ಡದ ಕಣದ ತೋರಣ, ಕಣದ ಲಾಂದ್ರ, ಕಣದ ಟೀಪಾಯಿ ಹಾಸು. ಒಳ್ಳೆಯದೇ ಆಯಿತು ಎನ್ನೋಣವೆಂದರೆ, ಅಂಗಡಿಯವನು ಬಿಚ್ಚಿ ತೋರಿಸುವುದು ಕೈಮಗ್ಗದ ನಕಲನ್ನು. ಪವರ್‌ಲೂಮಿನ ಪಾಲಿಯೆಸ್ಟರು, ಅದೇ ಬಣ್ಣ, ಅದೇ ಹೂವು, ಅರ್ಧಕ್ಕಿಂತ ಕಡಿಮೆ ಬೆಲೆ. “ಗೋಡೆಗೆ ಹಾಕೋದಲ್ವಾ ಮೇಡಂ, ಯಾರು ಮುಟ್ಟಿ ನೋಡ್ತಾರೆ?” ಸತ್ಯ ಹೇಳುವವನು ಅವನೊಬ್ಬನೇ.

ಮನೆಯಲ್ಲಿ ನಿಜಕ್ಕೂ ಹೊಲಿಯುವ ಹೆಂಗಸರೂ ಇದ್ದಾರೆ. ಅವರ ಗಂಡಂದಿರು “ಟೈಂಪಾಸಿಗೆ ಏನೋ ಮಾಡ್ತಾಳೆ” ಎನ್ನುತ್ತಾರೆ. ಅಂಗಡಿಯಿಂದ ತಂದರೆ ಬ್ರ್ಯಾಂಡು, ಹೆಂಡತಿ ಹೊಲಿದರೆ ಟೈಂಪಾಸು. ತವರಿನವರು ಕೊಟ್ಟ ಹೊಲಿಗೆ ಯಂತ್ರ ಏನಾಯಿತು ಎಂದು ಕೇಳಬೇಡಿ. ಮೇಲಿನ ಮಷೀನು ಗುಜರಿಗೆ. ಕೆಳಗಿನ ಕಬ್ಬಿಣದ ಕಾಲುಗಳ ಮೇಲೆ ಗಾಜು ಕೂರಿಸಿ ಟೀಪಾಯಿ. ಪೆಡಲು ಇನ್ನೂ ಇದೆ. ಚಹಾ ಕುಡಿಯುವವರು ಸುಮ್ಮನೆ ತುಳಿಯುತ್ತಾರೆ.

ಎದುರು ಮನೆಯ ಕನ್ನಡಿ ತೋರಣದ್ದು ಲಂಬಾಣಿ ಕಸೂತಿಯ ಮಾದರಿ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ಸೇರಿದಾಗ ಸಂಡೂರಿನ ಹೆಂಗಸರು ಹೊಲಿದ 1,755 ಕಸೂತಿ ವಸ್ತುಗಳನ್ನು ಸಾಲಾಗಿಟ್ಟು ಗಿನ್ನೆಸ್ ದಾಖಲೆ ಬರೆಸಿದರು. ವಸ್ತುಗಳನ್ನು ಒಂದೊಂದಾಗಿ ಎಣಿಸಿದರು. ನಮ್ಮ ಜಿಲ್ಲೆಯಲ್ಲೇ ಸೂರಗೊಂಡನಕೊಪ್ಪ ಇದೆ, ಲಂಬಾಣಿಗಳ ಗುರು ಸೇವಾಲಾಲರ ಊರು. ಜಾತ್ರೆಗೆ ಮಂತ್ರಿಗಳು ಬರುತ್ತಾರೆ, ಲಂಬಾಣಿ ಶಾಲು ಹೊದ್ದು ಫೋಟೋ ತೆಗೆಸಿಕೊಳ್ಳುತ್ತಾರೆ. ಸುಗ್ಗಿ ಮುಗಿದರೆ ತಾಂಡಾದ ಹೆಂಗಸರು ಗಂಟು ಕಟ್ಟಿಕೊಂಡು ಕಾಫಿ ಸೀಮೆಗೆ, ಕಬ್ಬಿನ ಗದ್ದೆಗೆ ಗುಳೆ ಹೋಗುತ್ತಾರೆ. ಕಬ್ಬು ಕಡಿದ ಕೈಯಲ್ಲಿ ಸಣ್ಣ ಸೂಜಿ ನಿಲ್ಲುವುದಿಲ್ಲ. ಎದುರು ಮನೆಯ ತೋರಣದಲ್ಲಿ ಕನ್ನಡಿಗಳು ಹೊಲಿದವೂ ಅಲ್ಲ, ಗೋಂದಿನಲ್ಲಿ ಅಂಟಿಸಿದವು. ಬಿಸಿಲಿಗೆ ಆಗಲೇ ಮೂರು ಉದುರಿವೆ.

ಇಷ್ಟೆಲ್ಲ ಬರೆಯುವ ಈ ಮಹಾಶಯನ ಮನೆಯಲ್ಲಿ ಏನಿದೆ ಎಂದು ನೀವು ಕೇಳಬೇಕು. ಕೇಳಿ.

ಕೌದಿಯಾಕೆ ಬಂದ ದಿನವೇ ಅವ್ವನ ಕೌದಿಯನ್ನು ಹುಡುಕಿದೆ. ಬೀರುವಿನಲ್ಲಿ ಇರಲಿಲ್ಲ, ಅಟ್ಟದಲ್ಲೂ ಇಲ್ಲ. ಮೆಟ್ಟಿಲ ಕೆಳಗೆ, ಇನ್ವರ್ಟರ್ ಬ್ಯಾಟರಿಯ ಅಡಿಯಲ್ಲಿ ಸಿಕ್ಕಿತು. ಆಸಿಡ್ಡಿಗೆ ಒಂದು ಮೂಲೆ ಸುಟ್ಟು ಅಂಗೈಯಗಲ ತೂತು. ಇಳಕಲ್ ಸೀರೆಯ ಕೆಂಪು ಸೆರಗಿನ ಪಕ್ಕದಲ್ಲಿ ನನ್ನ ಐದನೇ ಇಯತ್ತೆಯ ಖಾಕಿ ಚಡ್ಡಿಯ ತುಂಡು, ಜೇಬಿನ ಹೊಲಿಗೆಯ ಗುರುತಿನ ಸಮೇತ. ಕೊಡವಿಕೊಂಡು ಗೇಟಿಗೆ ಓಡಿದೆ. ಆಕೆ ಇನ್ನೂ ಬೀದಿಯ ಕೊನೆಯಲ್ಲಿದ್ದಳು. ಕೌದಿ ಬಿಡಿಸಿ, ಅಂಗೈಯಿಂದ ಸವರಿ, “ಯಾರ್ರೀ ಹೊಲ್ದಿದ್ದು, ಟಾಕು ಬಾಳ ಚಲೋ ಐತಿ” ಎಂದಳು. ಮೂಲೆ ಸರಿಮಾಡಿ ತೇಪೆ ಕೂರಿಸಲು ಮುನ್ನೂರು ಕೇಳಿದಳು.

ನಾನು ಇನ್ನೂರು ಎಂದೆ.