ಊರು ಅಲ್ಲೇ, ವಿಳಾಸ ಬೇರೆ

ಹರಪನಹಳ್ಳಿ ಅಂಗುಲವೂ ಕದಲದೆ ಜಿಲ್ಲೆ ಬದಲಿಸುತ್ತ ಬಂದ ಊರು. 1953ರ ಅಕ್ಟೋಬರ್‌ವರೆಗೆ ಮದ್ರಾಸ್ ಸೀಮೆಯ ಬಳ್ಳಾರಿ, ಆಮೇಲೆ ಮೈಸೂರು ರಾಜ್ಯದ ಬಳ್ಳಾರಿ, 1997ರಲ್ಲಿ ದಾವಣಗೆರೆ, 2018ರಲ್ಲಿ ಮರಳಿ ಬಳ್ಳಾರಿ, 2021ರಲ್ಲಿ ವಿಜಯನಗರ. ಅಲ್ಲಿನ ನಿವೃತ್ತ ಮೇಷ್ಟ್ರೊಬ್ಬರ ಕಂಪ್ಯೂಟರಿನಲ್ಲಿ ಇದೆಲ್ಲ ಫೋಲ್ಡರುಗಳಾಗಿ ಕೂತಿದೆ: ‘ಬಳ್ಳಾರಿ’, ‘ದಾವಣಗೆರೆ’, ‘ಮತ್ತೆ ಬಳ್ಳಾರಿ’, ‘ವಿಜಯನಗರ’. ಒಂದೇ ಪಹಣಿ, ಒಂದೇ ಪಿಂಚಣಿ ಕಾಗದ ನಾಲ್ಕರಲ್ಲೂ ಇವೆ.

ಡಿಸ್ಕು ತುಂಬಲು ಇಷ್ಟೇ ಸಾಲದು. ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕವನ್ನು ಮೇಷ್ಟ್ರು ತಪ್ಪದೆ ಮೊಬೈಲಿನಲ್ಲಿ ಹಿಡಿದು ತರುತ್ತಾರೆ. ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ನುಡಿಯುವುದು ಒಂದೇ ಸಾಲು. ವಿಡಿಯೊದಲ್ಲಿ ಮಾತ್ರ ಗಂಟೆಗಟ್ಟಲೆ ಮುಂದಿನವರ ರುಮಾಲು.

ಕೊನೆಗೆ ಒಂದು ಟಿಬಿಯ ಎರಡನೇ ಹಾರ್ಡ್‌ಡಿಸ್ಕ್ ಬಂತು. ಯಂತ್ರದಲ್ಲಿದ್ದದ್ದು ಲಿನಕ್ಸ್. ಅದನ್ನು ಹಾಕಿಕೊಟ್ಟ ಅಕ್ಕನ ಮಗ ಬೆಂಗಳೂರಿನಿಂದ ಫೋನಿನಲ್ಲೇ ಪಾಠ ಶುರು ಮಾಡಿದ. ಮೇಷ್ಟ್ರ ಕಡತಗಳೆಲ್ಲ ಇರುವ ‘ಹೋಮ್’ ಫೋಲ್ಡರನ್ನು ಹೊಸ ಡಿಸ್ಕಿಗೆ ಸಾಗಿಸಬೇಕು; ನಕಲಿಗೆ ಆರ್‌ಸಿಂಕ್. 1996ರಲ್ಲಿ ಆಂಡ್ರ್ಯೂ ಟ್ರಿಜೆಲ್, ಪಾಲ್ ಮೆಕೆರಾಸ್ ಹೊರತಂದ ಈ ಸಾಧನ ನಡುವೆ ಕರೆಂಟು ಹೋದರೂ ಎದೆಗುಂದುವುದಿಲ್ಲ; ಮತ್ತೆ ಓಡಿಸಿದರೆ ಆಗಲೇ ದಾಟಿಸಿದ ಕಡತಗಳನ್ನು ಬಿಟ್ಟು ಉಳಿದವನ್ನಷ್ಟೇ ಒಯ್ಯುತ್ತದೆ. ನಮ್ಮ ಕಡೆಯ ಕರೆಂಟನ್ನು ನೋಡಿಯೇ ಬರೆದಂತಿದೆ. ಅದರ ಹಟ ಒಂದೇ, ಓರೆಗೆರೆ. ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಗೆರೆ ಇದ್ದರೆ ಒಳಗಿನ ಸಾಮಾನು ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ಎದ್ದು ಹೋಗುತ್ತದೆ. ಮೇಷ್ಟ್ರು ಗೆರೆ ಬಿಟ್ಟರು. ‘ಹೋಮ್’ ಒಳಗೆ ಇನ್ನೊಂದು ‘ಹೋಮ್’ ಹುಟ್ಟಿತು.

ಅದನ್ನು ಸರಿಪಡಿಸಿದ ಮೇಲೆ ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಹೊಸ ಡಿಸ್ಕಿನ ವಿಳಾಸ ಬರೆಯಬೇಕು. ಮೇಷ್ಟ್ರು ‘ಎಸ್‌ಡಿಬಿ’ ಎಂದು ಬರೆಯಹೊರಟರು.

“ಬ್ಯಾಡ ಮಾಮಾ. ಆ ಹೆಸರು ಕಂಪ್ಯೂಟರ್ ಚಾಲೂ ಆದಾಗ ಬದಲಾಗಬಹುದು. ಇವತ್ತಿನ ಎಸ್‌ಡಿಬಿ ನಾಳೆ ಎಸ್‌ಡಿಎ. ಯುಯುಐಡಿ ಬರೀರಿ, ಅದು ಬದಲಾಗಲ್ಲ.”

“ಅಂದ್ರ, ನಮ್ಮ ಪಿನ್‌ಕೋಡ್ ಅನ್ನು!”

ಹೋಲಿಕೆ ಸರಿಯಾಗಿಯೇ ಇತ್ತು. ಊರು ದಾವಣಗೆರೆಗೆ ಸೇರಿದ್ದಾಗಲೂ ಅಂಚೆ ಬರುತ್ತಿದ್ದದ್ದು ಬಳ್ಳಾರಿ ಕಡೆಯ 583131ಕ್ಕೇ. ಯುಯುಐಡಿಗೆ 32 ಅಕ್ಷರಗಳು, ಅಷ್ಟೇ ವ್ಯತ್ಯಾಸ. ಡಿಸ್ಕನ್ನು ಮತ್ತೆ ಫಾರ್ಮ್ಯಾಟ್ ಮಾಡಿದರೆ ಮಾತ್ರ ಹೊಸತು ಬರುತ್ತದೆ.

ಹೊಸ ಡಿಸ್ಕು ‘ಹೋಮ್’ ಜಾಗದಲ್ಲಿ ಕೂತಿತು, ಕಾರಣಿಕಗಳು ತೆರೆದುಕೊಂಡವು. ಆದರೆ ಹಳೆಯ ಡಿಸ್ಕು ಇನ್ನೂ ತುಂಬಿಯೇ ಇದೆ! ಹುಡುಕಿದರೆ ಅದರಲ್ಲಿ ಏನೂ ಕಾಣುವುದಿಲ್ಲ. ಲಿನಕ್ಸಿನಲ್ಲಿ ಒಂದು ಫೋಲ್ಡರಿನ ಮೇಲೆ ಬೇರೆ ಡಿಸ್ಕನ್ನು ಮೌಂಟ್ ಮಾಡಿದರೆ ಅಡಿಯಲ್ಲಿದ್ದದ್ದು ಅಳಿಯುವುದಿಲ್ಲ, ಮರೆಯಾಗುತ್ತದೆ. ಜಾಗ ಮಾತ್ರ ಹಿಡಿದುಕೊಂಡೇ ಇರುತ್ತದೆ. ಮೇಲಿನದನ್ನು ಕಳಚಿದಾಗ ನಾಲ್ಕೂ ಜಿಲ್ಲೆಗಳು ಹಾಗೇ ಮಲಗಿದ್ದವು. ನಕಲು ತಾಳೆ ನೋಡಿದ ಮೇಲೆ ಅಕ್ಕನ ಮಗ ಅಳಿಸಲು ಹೇಳಿದ. ಮೇಷ್ಟ್ರು ಎರಡು ದಿನ ಯೋಚಿಸಿ ಅಳಿಸಿದರು.

ಉಳಿದದ್ದು ಲೆಕ್ಕದ ಜಗಳ. ಒಂದು ಟಿಬಿ ಎಂದು ಕೊಂಡದ್ದು, ಪರದೆಯಲ್ಲಿ 931 ಜಿಬಿ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಮಾರುತ್ತಾರೆ, ಯಂತ್ರ 1024ರ ಲೆಕ್ಕದಲ್ಲಿ ಅಳೆಯುತ್ತದೆ. ಇದನ್ನು ಮೇಷ್ಟ್ರು ಒಪ್ಪಿದರು. ಆದರೆ ಅದರಲ್ಲೂ ಸುಮಾರು 46 ಜಿಬಿ ಕೈಗೆ ಸಿಗುತ್ತಿಲ್ಲ.

“ಅದು ಎಕ್ಸ್ಟ್4 ಪದ್ಧತಿ ಮಾಮಾ. ನೂರಕ್ಕೆ ಐದು ಭಾಗ ರೂಟ್‌ಗೆ ಮೀಸಲು.”

“ರೂಟ್ ಅಂದ್ರ ಯಾರಪ್ಪ?”

“ಯಂತ್ರದ ಯಜಮಾನ. ಅಂದ್ರ, ನೀವ.”

“ಹಂಗಾದ್ರ ನನ್ನ ಪಾಲು ನನಗ ಬಿಡಿಸಿಕೊಡು” ಎಂದು ಮೇಷ್ಟ್ರು ಪೆನ್ನು ಹಿಡಿದು ಕೂತರು. ಅಕ್ಕನ ಮಗ ಟ್ಯೂನ್2ಎಫ್‌ಎಸ್ ಆಜ್ಞೆಯನ್ನು ಒಂದೊಂದೇ ಅಕ್ಷರವಾಗಿ ಹೇಳತೊಡಗಿದ.