ಗ್ರೀಷ್ಮ ಜೀಪಯಾನ ಮೀಮಾಂಸೆ (ಸಾರಕ್ಕಿ ಶಾಖೆ)

1. ಅನುಬಂಧ ಚತುಷ್ಟಯ

ಯಾವುದೇ ಶಾಸ್ತ್ರಗ್ರಂಥ ಮೊದಲಿಗೇ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಬೇಕೆಂದು ಹಿರಿಯರು ಕಟ್ಟಳೆ ಮಾಡಿದ್ದಾರೆ: ಓದಲು ಅರ್ಹನು ಯಾರು, ವಿಷಯ ಯಾವುದು, ಸಂಬಂಧವೇನು, ಪ್ರಯೋಜನವೇನು. ನಾವು ಆ ಕಟ್ಟಳೆ ಮೀರುವವರಲ್ಲ.

ಅಧಿಕಾರಿ: ಫೋರ್ ಬೈ ಫೋರ್ ಗಾಡಿಯನ್ನು ಏಳು ವರ್ಷದ ಸಾಲಕ್ಕೆ ಕೊಂಡು, ಅದನ್ನು ಈವರೆಗೆ ಸಾರಕ್ಕಿ ಮಾರ್ಕೆಟ್ಟಿಗೆ ಅವರೆಕಾಯಿ ತರಲು ಮಾತ್ರ ಓಡಿಸಿರುವ ಗೃಹಸ್ಥ. ಸ್ವಂತ ಗಾಡಿಯಿಲ್ಲದೆ ಹಿಂದಿನ ಸೀಟಿಗೆ ಆಸೆಪಟ್ಟಿರುವ ಅವನ ಭಾವಮೈದುನನಿಗೂ ಗೌಣವಾಗಿ ಅಧಿಕಾರ ಉಂಟು. ವಿಷಯ: ಫೆಬ್ರವರಿಯಿಂದ ಮೇವರೆಗೆ, ಕಾಡು ಕಡ್ಡಿಗೀರಿದರೆ ಹೊತ್ತುವಂತಿರುವಾಗ, ಐದಾರು ಗಾಡಿ ಕಟ್ಟಿಕೊಂಡು ಡಾಂಬರು ಮುಗಿದಲ್ಲಿಂದ ಮುಂದಕ್ಕೆ ಹೋಗುವ ಯೋಜನೆ. ಸಂಬಂಧ: ವಾಟ್ಸ್ಆಪ್. ಪ್ರಯೋಜನ: ಧರ್ಮಾರ್ಥಕಾಮಮೋಕ್ಷಗಳಲ್ಲಿ ಯಾವುದೂ ಅಲ್ಲ, ಐದನೆಯದಾದ ರೀಲ್ಸ್.

2. ದೇಶ-ಕಾಲ ನಿರ್ಣಯ

ಈ ಶಾಸ್ತ್ರ ಬೆಂಗಳೂರಿನ ಸಾರಕ್ಕಿಯಲ್ಲೇ ಹುಟ್ಟಿದ್ದೇಕೆ, ಸದಾಶಿವನಗರದಲ್ಲಿ ಏಕಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಉತ್ತರ ಸುಲಭ. ಸಾರಕ್ಕಿ ಸಿಗ್ನಲ್ಲಿನಲ್ಲಿ ಹಾದುಹೋಗುವ ಕನಕಪುರ ರಸ್ತೆಯೇ ಮುಂದೆ ರಾಷ್ಟ್ರೀಯ ಹೆದ್ದಾರಿ 948 ಆಗಿ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರ ದಾಟಿ, ಸತ್ಯಮಂಗಲದ ಕಾಡು ಹೊಕ್ಕು ಕೊಯಮತ್ತೂರಿಗೆ ಇಳಿಯುತ್ತದೆ. ಎಂದಮೇಲೆ ಸಾರಕ್ಕಿ ಸಿಗ್ನಲ್ಲಿನಲ್ಲಿ ಕೆಂಪುದೀಪಕ್ಕೆ ನಿಂತವನು ತಾತ್ವಿಕವಾಗಿ ಆಗಲೇ ಕಾಡಿನ ದಾರಿಯಲ್ಲಿದ್ದಾನೆ. ಹಸಿರುದೀಪ ಬರುವಷ್ಟರಲ್ಲಿ ವಾನಪ್ರಸ್ಥಕ್ಕೆ ಬೇಕಾದ ವೈರಾಗ್ಯವೂ ಬಂದಿರುತ್ತದೆ. ಜೆ.ಪಿ. ನಗರ ಮೂರನೇ ಹಂತದಲ್ಲಿ 'ಮಿನಿ ಫಾರೆಸ್ಟ್' ಎಂಬ ಹೆಸರಿನ ತಾಣವೇ ಇದೆ. ಕಾಡಿಗೆ ಹೋಗುವ ಹಂಬಲ ಅಷ್ಟಕ್ಕೇ ತಣಿಯಬಹುದಾಗಿತ್ತು. ಆದರೆ ಅಲ್ಲಿ ವಾಕಿಂಗ್ ಮಾಡುವ ಹಿರಿಯರು ಗಾಡಿ ಒಳಗೆ ಬಿಡುವುದಿಲ್ಲ.

ಕಾಲದ ವಿಚಾರ ಇನ್ನೂ ಗಹನ. ಬಂಡೀಪುರ, ನಾಗರಹೊಳೆ, ಮಲೆ ಮಹದೇಶ್ವರ ಬೆಟ್ಟ, ಕಾವೇರಿ ವನ್ಯಧಾಮ ಇವೆಲ್ಲ ಬಹುಪಾಲು ಎಲೆ ಉದುರುವ ಕಾಡುಗಳು. ಸಂಕ್ರಾಂತಿ ಕಳೆಯುತ್ತಿದ್ದಂತೆ ತರಗೆಲೆ ನೆಲ ಮುಚ್ಚುತ್ತದೆ. ಮಳೆಗಾಲದಲ್ಲಿ ಸೊಂಟದೆತ್ತರ ಬೆಳೆದ ಹುಲ್ಲು ನಿಂತಲ್ಲೇ ಒಣಗುತ್ತದೆ. ಲಂಟಾನ ಪೊದೆ ಮರದ ಅರ್ಧದವರೆಗೂ ಹತ್ತಿ, ನೆಲದ ಬೆಂಕಿಗೆ ಏಣಿ ಹಾಕಿಕೊಟ್ಟು ಕಾಯುತ್ತದೆ. ಬಿದಿರು ಹೂ ಬಿಟ್ಟ ವರ್ಷವಾದರೆ ಮೆಳೆಗೆ ಮೆಳೆಯೇ ಸತ್ತು ಸೌದೆಯಾಗಿರುತ್ತದೆ. ಪ್ರವಾಸಕ್ಕೆ ಈ ಕಾಲವನ್ನೇ ನಮ್ಮ ಶಾಖೆ ಆರಿಸಿದ್ದಕ್ಕೆ ಕಾರಣ ಶಾಸ್ತ್ರೀಯವಾದದ್ದು: ಮಾರ್ಚಿನಲ್ಲಿ ಲಾಂಗ್ ವೀಕೆಂಡ್ ಬರುತ್ತದೆ.

3. ಪ್ರಮಾಣ ವಿಚಾರ

ತಾರ್ಕಿಕರು ಜ್ಞಾನಕ್ಕೆ ನಾಲ್ಕು ಪ್ರಮಾಣ ಹೇಳಿದ್ದಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಸಾರಕ್ಕಿ ಶಾಖೆ ನಾಲ್ಕನ್ನೂ ಒಪ್ಪುತ್ತದೆ. ಬಳಕೆ ಮಾತ್ರ ಬೇರೆ.

ಪ್ರತ್ಯಕ್ಷವೆಂದರೆ ಮೊಬೈಲಿನಲ್ಲಿ ಕಂಡದ್ದು. ಉಪಗ್ರಹ ನಕ್ಷೆಯನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿದರೆ ಕಾಡಿನ ನಡುವೆ ನೆಟ್ಟಗೆ, ಬೋಳಾಗಿ, ಕಂದುಬಣ್ಣದ ಪಟ್ಟಿಯೊಂದು ಕಾಣುತ್ತದೆ. ಕೂಡಲೇ ಗ್ರೂಪಿಗೆ ಸ್ಕ್ರೀನ್‌ಶಾಟ್: "ಮಗಾ, ಟ್ರ್ಯಾಕ್ ನೋಡು, ಒಬ್ಬನೂ ಓಡ್ಸಿಲ್ಲ!" ಒಬ್ಬನೂ ಓಡಿಸದಿರಲು ಕಾರಣವುಂಟು. ಅದು ಬೆಂಕಿರೇಖೆ. ಬೇಸಿಗೆ ಕಾಲಿಡುವ ಮುನ್ನ ಅರಣ್ಯ ಇಲಾಖೆಯವರು ಹುಲ್ಲು, ಲಂಟಾನ ಸವರಿ, ಕಾವಲಿದ್ದು ಸುಟ್ಟು, ಒಂದು ಕಡೆಯ ಬೆಂಕಿ ಇನ್ನೊಂದು ಕಡೆಗೆ ದಾಟದಂತೆ ಮಾಡಿದ ಬಯಲು. ನಮ್ಮವರು ಗಾಡಿ ಓಡಿಸಲು ಹುಡುಕಿದ ದಾರಿ ಕಾಡು ಉಳಿಯಲೆಂದು ಎಳೆದ ಗೆರೆ.

ಉಪಮಾನವೆಂದರೆ "ಲಡಾಖ್‌ಗೇ ಹೋಗ್ಬಂದಿದೀವಿ, ಇದೇನ್ ಮಹಾ" ಎಂಬ ವಾಕ್ಯ. ಲಡಾಖಿನಲ್ಲಿ ಸುಡಲು ಕಾಡೇ ಇಲ್ಲವೆಂಬ ವೈಧರ್ಮ್ಯವನ್ನು ಈ ವಾಕ್ಯ ಗಣಿಸುವುದಿಲ್ಲ. ಶಬ್ದಪ್ರಮಾಣ, ಅಂದರೆ ಆಪ್ತವಾಕ್ಯ, ಒಂದೇ: "ನಂಗೊಬ್ರು ರೇಂಜರ್ ಗೊತ್ತು ಗುರು." ಆ ರೇಂಜರಿಗೆ ಇವರು ಗೊತ್ತೇ ಎಂಬುದನ್ನು ಭಾಷ್ಯಕಾರರು ಯಾರೂ ವಿಚಾರಿಸಿಲ್ಲ.

ಇನ್ನು ಅನುಮಾನ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ತಿಳಿಯಬೇಕು, ಅಡುಗೆಮನೆಯಲ್ಲಿ ಕಂಡಿರುವಂತೆ. ನ್ಯಾಯಶಾಸ್ತ್ರ ಕಲಿಯುವ ಹುಡುಗನಿಗೆ ಮೊದಲ ದಿನ ಹೇಳಿಕೊಡುವ ಉದಾಹರಣೆಯೇ ಇದು. ಮಂಜನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಊಹಿಸಬೇಡ ಎಂಬ ಎಚ್ಚರಿಕೆಯೂ ಜೊತೆಗೇ ಬರುತ್ತದೆ. ಸಾರಕ್ಕಿ ಶಾಖೆ ಎರಡು ಸಾವಿರ ವರ್ಷದ ತರ್ಕಕ್ಕೆ ಹೊಸ ತಿರುವು ಕೊಟ್ಟಿದೆ: ಹೊಗೆಯನ್ನೇ ಮಂಜೆಂದು ತಿಳಿದು, ಸನ್‌ರೂಫಿನಿಂದ ತಲೆ ಹೊರಹಾಕಿ, "ಮಾರ್ಚಲ್ಲೂ ಏನ್ ಮಿಸ್ಟ್ ನೋಡ್ರಪ್ಪಾ" ಎಂದು ವಿಡಿಯೊ ಹಾಕುವುದು.

ಐದನೆಯ ಪ್ರಮಾಣವೊಂದಿದೆ, ಯಾರೂ ಮುಟ್ಟದ್ದು. ಮೋಡಿಸ್, ವಿಐಐಆರ್‌ಎಸ್ ಎಂಬ ಉಪಗ್ರಹ ಕಣ್ಣುಗಳು ನೆಲದ ಶಾಖವನ್ನು ದಿನಕ್ಕೆ ಹಲವು ಸಲ ಅಳೆಯುತ್ತವೆ. ಎರಡನೆಯದಕ್ಕೆ 375 ಮೀಟರ್ ಚೌಕವೊಂದರೊಳಗಿನ ಬೆಂಕಿ ತಿಳಿಯುತ್ತದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆ ಇವುಗಳ ಆಧಾರದ ಮೇಲೆ ಎಚ್ಚರಿಕೆ ಕಳಿಸುತ್ತದೆ. ಇದನ್ನು ಯಾರು ಬೇಕಾದರೂ ನೋಡಬಹುದು. ಹಾಗಾಗಿಯೇ ನಮ್ಮವರಿಗೆ ರುಚಿಸಿಲ್ಲ.

4. ಸಮೂಹ ಪ್ರಕರಣ

ಸಾಂಖ್ಯರು ಜಗತ್ತನ್ನು 25 ತತ್ವಗಳಾಗಿ ಎಣಿಸಿದರು. ನಮ್ಮ ಗ್ರೂಪಿನ ಸದಸ್ಯರೂ ಅಷ್ಟೇ. 24 ಜನ ಸದಾ ಚಲನಶೀಲರು: ಒಬ್ಬ 'ಇನ್' ಎನ್ನುತ್ತಾನೆ, ಒಬ್ಬ 'ಹೆಂಡ್ತೀನ ಕೇಳಿ ಹೇಳ್ತೀನಿ' ಎನ್ನುತ್ತಾನೆ, ಒಬ್ಬ ಶುಭೋದಯದ ಚಿತ್ರ ಹಾಕುತ್ತಾನೆ. 25ನೆಯವನು ಪುರುಷ. ಅವನು ಕರ್ತೃವಲ್ಲ, ಕೇವಲ ಸಾಕ್ಷಿ. ನೀಲಿ ಟಿಕ್ ಬೀಳುತ್ತದೆ, ಉತ್ತರ ಬರುವುದಿಲ್ಲ.

ಚರ್ಚೆಯ ಕ್ರಮ ಹೀಗೆ. ಮೊದಲು ಸ್ಥಳ. ಹಿಮವದ್ ಗೋಪಾಲಸ್ವಾಮಿ ಬೆಟ್ಟ ಎಂದು ಒಬ್ಬರು ಸೂಚಿಸುತ್ತಾರೆ. ಬೆಟ್ಟದ ಮೇಲಕ್ಕೆ ಖಾಸಗಿ ಗಾಡಿ ಬಿಡುವುದಿಲ್ಲ, ತಪ್ಪಲಿನಲ್ಲಿ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸು ಹತ್ತಬೇಕು ಎಂದು ತಿಳಿದಾಗ ಹದಿನೆಂಟು ಲಕ್ಷದ ಗಾಡಿಗೆ ಅವಮಾನವಾದಂತಾಗಿ ಸೂಚನೆ ಬಿದ್ದುಹೋಗುತ್ತದೆ. ಕುಮಾರಪರ್ವತ? ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದು ಇಲಾಖೆಯ ವಾಡಿಕೆ, ಅದಲ್ಲದೆ ನಡೆಯಬೇಕು. ಮುತ್ತತ್ತಿ? ಅದು ವನ್ಯಧಾಮ. "ಒಳಗಡೆ ಒಂದು ದಾರಿ ಇದೆ, ಗೇಟ್ ಇಲ್ಲ" ಎಂದು ಯಾರೋ ಪಿಸುಗುಡುತ್ತಾರೆ. ಗೇಟ್ ಇಲ್ಲದಿರುವುದನ್ನೇ ಅನುಮತಿಯೆಂದು ಓದುವುದು ಈ ಶಾಖೆಯ ವಿಶಿಷ್ಟ ವ್ಯಾಖ್ಯಾನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ವನ್ಯಧಾಮದೊಳಗೆ ಅಪ್ಪಣೆಯಿಲ್ಲದೆ ಕಾಲಿಡಬಾರದೆನ್ನುತ್ತದೆ. 30ನೇ ಕಲಂ ಅಲ್ಲಿ ಬೆಂಕಿ ಹಾಕಬಾರದೆನ್ನುತ್ತದೆ. ಗೇಟಿನ ಪ್ರಸ್ತಾಪ ಎರಡರಲ್ಲೂ ಇಲ್ಲ.

ಬಳಿಕ ತಿಂಡಿ. ಮುಕ್ಕಾಲು ಪಾಲು ಚರ್ಚೆ ಇದಕ್ಕೇ ಮೀಸಲು. ನಡುವೆ ಯಾರೋ ಬಂಡೀಪುರದಲ್ಲಿ ಬೆಂಕಿ ಬಿದ್ದ ಸುದ್ದಿಯನ್ನು ಹಂಚುತ್ತಾರೆ. ಆರು ಜನ ಕೈಮುಗಿಯುವ ಚಿತ್ರ ಒತ್ತುತ್ತಾರೆ. ಏಳನೆಯವನ ಸಂದೇಶ: "ಬಿರಿಯಾನಿ ಮಟನ್ನಾ ಚಿಕನ್ನಾ, ಇವತ್ತೇ ಹೇಳ್ಬೇಕಂತೆ."

5. ಸಾಮಗ್ರಿ ಪ್ರಕರಣ

ವಿಂಚು, ಎಳೆಯುವ ಪಟ್ಟಿ, ಶ್ಯಾಕಲ್, ಟೈರಿನ ಗಾಳಿಯನ್ನು 35ರಿಂದ 20ಕ್ಕಿಳಿಸುವ ಮಾಪಕ, ಮತ್ತೆ ತುಂಬುವ ಪಂಪು, ಹನ್ನೆರಡು ಲೈಟಿನ ಪಟ್ಟಿ, ಡ್ರೋನು, ಮಡಚುವ ಕುರ್ಚಿ, ಬ್ಲೂಟೂತ್ ಸ್ಪೀಕರು, ಪುಳಿಯೋಗರೆ. ಇವಿಷ್ಟೂ ಅನಿವಾರ್ಯ. ನೀರಿನ ಕ್ಯಾನು, ಸಲಿಕೆ, ಬೆಂಕಿನಂದಕ ಐಚ್ಛಿಕ. ಡಿಕ್ಕಿಯಲ್ಲಿ ಜಾಗ ಉಳಿದರೆ.

ಹೋಲಿಸಿ ನೋಡಲು, ಅದೇ ಕಾಡಿನಲ್ಲಿ ಅದೇ ಹೊತ್ತಿಗೆ ಇರುವ ಬೆಂಕಿ ವಾಚರನ ಸಾಮಗ್ರಿ: ಒಂದು ಮಚ್ಚು, ಭುಜಕ್ಕೆ ನೇತುಹಾಕಿದ ನೀರಿನ ಬಾಟಲಿ, ಆಗಷ್ಟೇ ಕಡಿದ ಹಸಿಸೊಪ್ಪಿನ ಕೊಂಬೆ. ತರಗು ತೂರುವ ಬ್ಲೋವರ್ ಯಂತ್ರ ಈಚೆಗೆ ಕೆಲವರ ಬೆನ್ನೇರಿದೆ. ಬೇಸಿಗೆಯ ಮಟ್ಟಿಗೆ ದಿನಗೂಲಿಗೆ ಬರುವ ಇವರು ಕಾಡಂಚಿನ ಹಳ್ಳಿಯವರು, ಜೇನುಕುರುಬರ ಹಾಡಿಯವರು, ಸೋಲಿಗರ ಪೋಡಿನವರು. ಬೆಂಕಿಯ ಅಂಚಿಗೆ ಸಾಲಾಗಿ ನಿಂತು, ಸೊಪ್ಪಿನಿಂದ ಬಡಿಬಡಿದು ಆರಿಸುತ್ತಾರೆ. ಸೊಪ್ಪು ಸುಟ್ಟುಹೋದರೆ ಇನ್ನೊಂದು ಕೊಂಬೆ. ಇದರ ರೀಲ್ಸ್ ಇಲ್ಲ. ಎರಡು ಕೈಯೂ ಕೆಲಸದಲ್ಲಿರುತ್ತವೆ.

ಬೆಂಕಿಯ ಪಾಂಡಿತ್ಯವೂ ಅವರಲ್ಲೇ ಇತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲೇ ತರಗು ಬೆಂಕಿ ಹಾಕುತ್ತಿದ್ದರು. ತರಗೆಲೆಯಷ್ಟನ್ನೇ ಸುಟ್ಟು ಹೋಗುವ ತೆಳು ಬೆಂಕಿ ಅದು. 1974ರಲ್ಲಿ ವನ್ಯಧಾಮವಾದ ಮೇಲೆ ಆ ಪದ್ಧತಿ ನಿಂತಿತು, ಲಂಟಾನ ಹಬ್ಬಿತು ಎಂದು ಅವರು ಹೇಳುತ್ತ ಬಂದಿದ್ದಾರೆ. ವಿಜ್ಞಾನಿಗಳೂ ಅದನ್ನು ಕಿವಿಗೊಟ್ಟು ಕೇಳಿ ಅಧ್ಯಯನ ಮಾಡಿದ್ದಾರೆ. ಯಾವಾಗ, ಎಲ್ಲಿ, ಎಷ್ಟು ಎಂಬ ಮೂರು ಪ್ರಶ್ನೆಗೂ ಅವರಲ್ಲಿ ಉತ್ತರವಿತ್ತು. ನಮ್ಮ ಶಾಖೆಯ ಬಳಿ ಲೈಟರ್ ಇದೆ.

6. ತ್ರೇತಾಗ್ನಿ ಪ್ರಕರಣ

ಶ್ರೌತಿಗಳಿಗೆ ಮೂರು ಅಗ್ನಿ: ಗಾರ್ಹಪತ್ಯ, ಆಹವನೀಯ, ದಕ್ಷಿಣಾಗ್ನಿ. ಜೀಪಯಾನಿಗೂ ಮೂರೇ. ಗಾರ್ಹಪತ್ಯವೆಂದರೆ ಮ್ಯಾಗಿ ಬೇಯಿಸುವ ಪುಟ್ಟ ಗ್ಯಾಸ್ ಒಲೆ. ಆಹವನೀಯವೆಂದರೆ ಕ್ಯಾಂಪ್ ಫೈರ್. ಚಿಪ್ಸ್ ಪೊಟ್ಟಣ, ಪೇಪರ್ ತಟ್ಟೆ, ಹಳೆಯ ಪ್ರೇಮದ ಹಾಡುಗಳು ಇದಕ್ಕೆ ಆಹುತಿ. ಬೆಳಗಿನ ಜಾವ ಅದರ ಮೇಲೆ ಅರ್ಧ ಬಾಟಲಿ ನೀರು ಚಿಮುಕಿಸಿ ಹೊರಡುವುದು ಪೂರ್ಣಾಹುತಿ. ಬೂದಿಯಡಿಯ ಕೆಂಡ ಗಾಳಿಗೆ ಕಾದು ಕೂತಿರುತ್ತದೆ.

ಸಾರಕ್ಕಿ ದಕ್ಷಿಣ ಬೆಂಗಳೂರಿಗೆ ಸೇರಿದ್ದರಿಂದ ದಕ್ಷಿಣಾಗ್ನಿಗೆ ವಿಶೇಷ ಮಹತ್ವ. ಅದು ಗಾಡಿಯ ಹೊಟ್ಟೆಯಡಿ ಇರುತ್ತದೆ. ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಜಾಲರಿಯೊಂದಿದೆ; ತುಂಬಿದ ಮಸಿಯನ್ನು ಅದು ಆಗಾಗ ತಾನೇ ಸುಟ್ಟುಕೊಳ್ಳುತ್ತದೆ. ಆಗ ಒಳಗಿನ ಶಾಖ ಸುಮಾರು 600 ಡಿಗ್ರಿ ಸೆಲ್ಸಿಯಸ್. ಒಣಹುಲ್ಲು ಹೊತ್ತಿಕೊಳ್ಳಲು ಅಷ್ಟೊಂದು ಬೇಡ. ಹುಲ್ಲಿನ ಮೇಲೆ ಗಾಡಿ ನಿಲ್ಲಿಸಿ, ಬಾನೆಟ್ಟಿನ ಮೇಲೆ ಕೂತು ಸೂರ್ಯಾಸ್ತ ನೋಡುವವನು ಅಗ್ನಿಹೋತ್ರಕ್ಕೇ ಕೂತಿದ್ದಾನೆ. ಅವನಿಗೆ ತಿಳಿದಿಲ್ಲ ಅಷ್ಟೆ.

ದೃಷ್ಟಾಂತಕ್ಕೆ ಕಾಡಿನವರೆಗೂ ಹೋಗಬೇಕಿಲ್ಲ. 2019ರ ಫೆಬ್ರವರಿ 23ರಂದು ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನಡೆದಿದ್ದಾಗ ಪಾರ್ಕಿಂಗ್ ಬಯಲಿನ ಒಣಹುಲ್ಲಿಗೆ ಬೆಂಕಿ ತಗುಲಿ ಸುಮಾರು 300 ಕಾರುಗಳು ಸುಟ್ಟು ಹೋದವು. ಸಿಗರೇಟೋ ಕಾದ ಸೈಲೆನ್ಸರೋ ಎಂದು ಆಗ ಶಂಕೆ. ಅದೇ ವಾರ ಬಂಡೀಪುರ ಉರಿಯುತ್ತಿತ್ತು. ಗೋಪಾಲಸ್ವಾಮಿ ಬೆಟ್ಟದ ಇಳಿಜಾರು ಕಪ್ಪಾಯಿತು, ಸಾವಿರಾರು ಎಕರೆ ಹೋಯಿತು, ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ಬಕೆಟ್ಟಿನಲ್ಲಿ ನೀರು ಹೊತ್ತು ಸುರಿಯಬೇಕಾಯಿತು. ಅದಕ್ಕೂ ಎರಡು ವರ್ಷ ಹಿಂದೆ, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋಗಿ ಅರಣ್ಯ ರಕ್ಷಕ ಮುರಿಗೆಪ್ಪ ತಮ್ಮಣಗೋಳ ಪ್ರಾಣ ಕಳೆದುಕೊಂಡಿದ್ದರು. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಬೆಟ್ಟ ಇಳಿಯುತ್ತಿದ್ದ ಚಾರಣಿಗರನ್ನು ಬೆಂಕಿ ಸುತ್ತುವರಿದು 20ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಬಹುಮಂದಿ ನಮ್ಮ ಹಾಗೆಯೇ ವಾರಾಂತ್ಯಕ್ಕೆ ಬಂದ ನಗರದವರು.

ಹಾಗಾಗಿ ಈ ಪ್ರಕರಣದಲ್ಲಿ ಅಣಕಿಲ್ಲದ ಸೂತ್ರವೊಂದನ್ನು ಸೇರಿಸಿದೆ. ಬೆಂಕಿ ಏರಿನಲ್ಲಿ ಓಡುತ್ತದೆ. ಇಳಿಜಾರು ಹತ್ತು ಡಿಗ್ರಿ ಕಡಿದಾದರೆ ಅದರ ವೇಗ ಸರಿಸುಮಾರು ಇಮ್ಮಡಿ. ಅದನ್ನು ಹಿಂದೆ ಹಾಕುತ್ತೇನೆಂದು ಬೆಟ್ಟ ಹತ್ತಬಾರದು. ಪಕ್ಕಕ್ಕೆ, ಕೆಳಕ್ಕೆ, ಆಗಲೇ ಸುಟ್ಟು ಕರಿದಾದ ನೆಲಕ್ಕೆ ಸರಿಯಬೇಕು.

7. ಪೂರ್ವಪಕ್ಷ ಮತ್ತು ಸಿದ್ಧಾಂತ

ಪೂರ್ವಪಕ್ಷ: ಬಿದಿರಿಗೆ ಬಿದಿರು ಉಜ್ಜಿ ಬೆಂಕಿ ಹುಟ್ಟುತ್ತದೆ, ಜೀಪಿಗೇಕೆ ದೂರು? ಉತ್ತರ: ನಮ್ಮ ಒಣಕಾಡಿನ ಬೆಂಕಿಗಳು ಹೆಚ್ಚುಕಡಿಮೆ ಎಲ್ಲವೂ ಮನುಷ್ಯರಿಂದಲೇ ಹೊತ್ತಿದವು ಎನ್ನುತ್ತಾರೆ ಅರಣ್ಯಾಧಿಕಾರಿಗಳು. ಬಿದಿರಿನ ಮೇಲೆ ಹೊರಿಸಲು ಅನುಕೂಲ. ಅದು ಪ್ರತಿಹೇಳಿಕೆ ಕೊಡುವುದಿಲ್ಲ.

ಎರಡನೇ ಪೂರ್ವಪಕ್ಷ: ನಾವು ಬೆಂಕಿ ಹಾಕುವುದೇ ಇಲ್ಲ, ಬಿದ್ದರೆ ಆರಿಸಲು ನಮ್ಮ ಗಾಡಿಯೂ ಒದಗಲಿ. ಉತ್ತರ: ಕಾಡಿನ ದಾರಿ ಒಂದು ಗಾಡಿಯ ಅಗಲ. ಐದು ಥಾರ್ ಸಾಲಾಗಿ ನಿಂತರೆ ಇಲಾಖೆಯ ನೀರಿನ ಗಾಡಿ ಆರನೆಯದಾಗುತ್ತದೆ. ಒಂದು ಗಾಡಿ ಹೂತುಕೊಂಡರೆ ಬೆಂಕಿ ಬಡಿಯುತ್ತಿದ್ದ ವಾಚರುಗಳು ಸೊಪ್ಪು ಬಿಸುಟು ನಿಮ್ಮನ್ನು ಹುಡುಕಲು ಬರಬೇಕು.

ಮೂರನೇ ಪೂರ್ವಪಕ್ಷ: ಹಾಗಾದರೆ ಗಾಡಿ ಕೊಂಡದ್ದೇಕೆ? ಇದಕ್ಕೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಸಾಲ ಕೊಟ್ಟ ಬ್ಯಾಂಕು ಕೇಳಲಿಲ್ಲ, ನಾವೇಕೆ ಕೇಳೋಣ.

ಆದ್ದರಿಂದ ಸಿದ್ಧಾಂತ: ಬೇಸಿಗೆಯ ಕಾಡಿಗೆ ಗುಂಪು ಜೀಪಯಾನದ ಅತ್ಯುತ್ತಮ ಯೋಜನೆ ಎಂದರೆ ಅದನ್ನು ಮುಂದೂಡುವುದು. ಈ ಒಂದು ವಿಷಯದಲ್ಲಿ ಸಾರಕ್ಕಿ ಶಾಖೆಯ 25 ಸದಸ್ಯರ ಸಹಜ ಪ್ರತಿಭೆಯ ಮೇಲೆ ಪೂರ್ಣ ಭರವಸೆ ಇಡಬಹುದು.

8. ಫಲಶ್ರುತಿ

ಈ ಮೀಮಾಂಸೆಯನ್ನು ಸಾರಕ್ಕಿ ಸಿಗ್ನಲ್ಲಿನಲ್ಲಿ ಒಂದು ಸಲ ಓದಿದವನಿಗೆ ಡೀಸೆಲ್ ಉಳಿತಾಯ. ಎರಡು ಸಲ ಓದಿದವನಿಗೆ ಗೃಹಶಾಂತಿ. ಗ್ರೂಪಿಗೆ ಫಾರ್ವರ್ಡ್ ಮಾಡಿದವನಿಗೆ ಅಡ್ಮಿನ್ ಪದವಿಯಿಂದ ಮುಕ್ತಿ. ಹೋಗಲೇಬೇಕೆಂಬ ಹಟವಿದ್ದವರು ಮಳೆ ಎರಡು ಸಲ ನೆಲ ನೆನೆಸುವವರೆಗೆ ಕಾಯಿರಿ. ಆ ಮೇಲೂ ಮೊದಲು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಿ, ಬೇಡವೆಂದರೆ ಹಿಂತಿರುಗಿ. ಅಲ್ಲಿಯವರೆಗೆ ಕಾಡಂಚಿನ ರಸ್ತೆಯಲ್ಲಿ ಎಲ್ಲಾದರೂ ಹೊಗೆ ಕಂಡರೆ ವಿಡಿಯೊ ಮಾಡುವ ಮುನ್ನ ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಜಾಗ ಹೇಳಿ, ದಾರಿ ಬಿಟ್ಟು ನಿಲ್ಲಿ.